ನೌಬಾದದ ಚೌಕದಲ್ಲಿ ಮಾವನವರ ಕೆಂಪು ರುಮಾಲು

ನಮ್ಮ ಮಾವನವರಿಗೆ ತಲೆ ನೆಟ್ಟಗಿಲ್ಲ ಎಂದು ನೌಬಾದದ ಟಾಂಗಾದವರೆಲ್ಲ ತೀರ್ಮಾನಿಸಿಬಿಟ್ಟಿದ್ದರು. ಸೊಸೆಯಾದ ನಾನು ಹೌದೆನ್ನುವಂತಿಲ್ಲ. ಅಲ್ಲವೆನ್ನಲು ಧೈರ್ಯ ಬೇಕಲ್ಲ!

ನಿಜಾಮರ ಕಾಲದ ಮಾತು. ನಮ್ಮ ಮನೆ ಚೌಕದಲ್ಲೇ ಇತ್ತು. ನಡೆದು ಹೋಗುವವರು ದಾಟಲಿ ಎಂದು ಮಾವನವರು ದಿನವೂ ತಲೆಯ ಕೆಂಪು ರುಮಾಲು ಬಿಚ್ಚಿ, ನಡುರಸ್ತೆಯಲ್ಲಿ ಅಡ್ಡ ಹಿಡಿದು ನಿಲ್ಲುತ್ತಿದ್ದರು. ಯಾರು ಹೇಳಿದ್ದರು? ಯಾರೂ ಇಲ್ಲ! ಮೊದಮೊದಲು ಒಬ್ಬ ಮುದುಕಿ ಬಂದರೂ ಎಲ್ಲ ಗಾಡಿಗಳು ನಿಲ್ಲಬೇಕಿತ್ತು. ಭಾಲ್ಕಿಯಿಂದ ಬಂದ ಬಂಡಿಗಳ ಸಾಲು ಬೆಳೆದು, ಹಿಂದಿನ ಎತ್ತುಗಳು ಮುಂದಿನ ಬಂಡಿಯ ಕಣಿಕೆ ಮೇಯತೊಡಗಿದವು.

"ಯಜಮಾನ್ರ, ಹಿಂಗಾದ್ರ ನಾವು ಬೀದರ ಮುಟ್ಟೋದು ಯಾವಾಗ್ರಿ?" ಎಂದು ಟಾಂಗಾದವರು ಜಗಳ ತೆಗೆದರು.

ಮಾವನವರು ಹೊಸ ಕಾಯ್ದೆ ತಂದರು. ನಡೆಯುವವರು ಗುಂಪು ಕೂಡುವ ತನಕ ಕಾಯಬೇಕು, ಆಮೇಲೆ ಒಮ್ಮೆಲೇ ದಾಟಬೇಕು. ಗಾಡಿಗಳೇನೋ ಸರಾಗವಾಗಿ ಹರಿದವು. ಆದರೆ ಔರಾದದಿಂದ ಕುರಿ ಹೊಡೆದುಕೊಂಡು ಬಂದವನಿಗೂ, "ಜನ ಕೂಡ್ಲಿ, ನಿಂದ್ರು!" ಅಂದರು. ಕುರಿಗಳು ಕಾಯ್ದೆ ಕೇಳುತ್ತವೆಯೇ? ಅವು ದಾಟಿ ಹೋದವು, ಕುರುಬ ಈ ಕಡೆ ಉಳಿದ!

ಆಮೇಲೆ ನಿಜಾಮರ ಮೇಲೆ ಭಾರತದ ಪೊಲೀಸ್ ಆಕ್ಷನ್ ಬಂತು. ಮನೆಮನೆಯ ಬಾಗಿಲು ಮುಚ್ಚಿತು. ಮಿಲಿಟರಿ ಲಾರಿಗಳು ಸಾಲು ಕಡಿಯದೆ ಬೀದರದ ಕಡೆ ಹೊರಟಿದ್ದವು. ಆ ಹೊತ್ತಿಗೇ ನನಗೆ ಬೇನೆ ಶುರುವಾಗಬೇಕೇ! ಚೊಚ್ಚಲು ಬೇರೆ. ಕೂಸು ಇನ್ನೂ ತಿರುಗಿಲ್ಲ ಎಂದು ಸೂಲಗಿತ್ತಿ ಬೂಬಮ್ಮ ಹಿಂದಿನ ದಿನವೇ ಹೇಳಿದ್ದಳು. ಅವಳ ಮನೆ ರಸ್ತೆಯ ಆಚೆ. ಬಾಗಿಲ ಸಂದಿಯಲ್ಲಿ ನಿಂತಿದ್ದಾಳೆ, ಹೊರಗೆ ಕಾಲಿಡಲು ಜೀವ ಬಾಯಿಗೆ ಬಂದಿದೆ.

ಮಾವನವರು ಗುಂಪು ಕೂಡುವುದನ್ನು ಕಾಯಲಿಲ್ಲ.

"ಅಯ್ಯಯ್ಯ, ಲಾರಿ ಮುಂದ ಹೋಗಿ ನಿಂತಾರಲ್ಲ!" ಅತ್ತೆ ಕಿಟಕಿಯಲ್ಲಿ ಚೀರಿದರು. "ಬಂದೂಕ ಹಿಡದಾರ್ರೀ, ಬರ್ರಿ ಈ ಕಡಿ!"

ಬ್ರೇಕು ಕಿರುಚಿತು. "ಹಟ್ ಬುಡ್ಢೇ!" ಎಂದು ಸಿಪಾಯಿ ಗದರಿದ.

"ಠೈರೋ! ಹಮಾರಿ ಬಹೂ ಕೋ ದರ್ದ್ ಹೈ, ದಾಯಿ ಕೋ ಆನೇ ದೋ!" ಸೊಸೆಗೆ ಬೇನೆ, ಸೂಲಗಿತ್ತಿಯನ್ನು ಬರಗೊಡಿ ಎಂದು ಕೂಗಿದ ಮಾವನವರ ದನಿ ಇನ್ನೂ ಜೋರು. "ಬೂಬಮ್ಮಾ, ನನ್ನ ಬಾಜೂಕ ಬಾ. ಅಂಜಬ್ಯಾಡ."

ನಾನು ಕೌದಿಯ ಅಂಚು ಕಚ್ಚಿ ಹಿಡಿದು ಗುಂಡಿನ ಸದ್ದಿಗೆ ಕಾದೆ. ಬಾಗಿಲು ದಢಾರನೆ ತೆರೆಯಿತು. "ಬಿಸಿನೀರು ತರ್ರಿ!" ಎನ್ನುತ್ತ ಬೂಬಮ್ಮ ಒಳಗೆ ಬಂದಳು.

ಮಗಳು ಹುಟ್ಟಿದಳು. ಮಾವ ಸೊಸೆಯೊಡನೆ ನೇರವಾಗಿ ಮಾತಾಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಏನಿದ್ದರೂ ಅತ್ತೆಯ ಮೂಲಕವೇ. ಅಂದು ಮಾತ್ರ ಬಾಗಿಲಾಚೆ ಕೂತು ಅವರೇ ಕರೆದರು.

"ಅವ್ವಾ, ಕೇಳಸ್ತದೇನು?"

"ಹೂಂ ರೀ ಮಾವಾರ."

"ನನಗ ಭಾಳ ಅಂಜಿಕಿ ಬಂದಿತ್ತವ್ವಾ. ಒಂದ್ಸಲ ಕೂಸಿನ ದನಿ ಕೇಳಸು."

ಮಗಳು ಹಾಯಾಗಿ ಮಲಗಿದ್ದಳು. ನಾನು ಅವಳ ಅಂಗಾಲನ್ನು ಮೆಲ್ಲಗೆ ಚಿವುಟಿದೆ.