ಶಮಾಲ್ ಗಾಳಿಯವರಿಗೆ, ನನ್ನ ಕಾರಿನ ಉಸಿರಿನ ವಿಷಯವಾಗಿ

ವಾಯವ್ಯದಿಂದ ಬಹರೈನಿಗೆ ಆಗಾಗ ದಯಮಾಡಿಸುವ ಮಾನ್ಯ ಶಮಾಲ್ ಗಾಳಿಯವರೇ,

ವೀಸಾ ಇಲ್ಲದೆ, ಕೆಲಸಕ್ಕೆ ಕರೆಸಿಕೊಳ್ಳುವ ಕಫೀಲನ ಸಹಿಯಿಲ್ಲದೆ, ವೈದ್ಯಕೀಯ ತಪಾಸಣೆಯೂ ಇಲ್ಲದೆ ಈ ದೇಶಕ್ಕೆ ಬಂದು ಕಂಡ ಕಂಡ ಬಾಗಿಲು ಬಡಿಯಬಲ್ಲ ತಮಗೆ, ಈ ಮೂರೂ ಇದ್ದೂ ಬಾಗಿಲನ್ನು ಮೆಲ್ಲಗೆ ತಟ್ಟುವ ಹೂರಾ ಬಡಾವಣೆಯ ನಿವಾಸಿ ಕಮಲಾಕ್ಷನ ಸಲಾಂಗಳು.

ತಮ್ಮ ಕಾರ್ಯದಕ್ಷತೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಮುಚ್ಚಿದ ಕಪಾಟಿನೊಳಗಿನ ಇಸ್ತ್ರಿ ಅಂಗಿಯ ಜೇಬಿಗೂ ಮರಳು ತಲುಪಿಸುವ ಶ್ರದ್ಧೆ ನಮ್ಮ ಕಂಪೆನಿಯ ಯಾವ ಗುಮಾಸ್ತನಲ್ಲೂ ಇಲ್ಲ. ಆದರೆ ಈ ಜನವರಿಯ ಎರಡನೇ ಶುಕ್ರವಾರ ತಾವು ತೋರಿದ ಉತ್ಸಾಹದ ಬಗ್ಗೆ ವಿನಯಪೂರ್ವಕ ದೂರು ಸಲ್ಲಿಸುವುದು ಅನಿವಾರ್ಯವಾಗಿದೆ.

ಅಂದು ನನ್ನ ಹೆಂಡತಿ ಅಕ್ಕು ಮೊದಲ ಬಾರಿಗೆ ಇಲ್ಲಿಗೆ ಬರುವವಳಿದ್ದಳು. ಮದುವೆಯಾಗಿ ಮೂರು ವರ್ಷ ಉಡುಪಿಯಲ್ಲೇ ಉಳಿದಿದ್ದ ಅವಳಿಗೆ, ಟ್ಯಾಕ್ಸಿಯಲ್ಲಲ್ಲ, ಸ್ವಂತ ಕಾರಿನಲ್ಲೇ ಮನೆಗೆ ಕರೆತರುತ್ತೇನೆಂದು ಹನ್ನೊಂದು ಪತ್ರಗಳಲ್ಲಿ ಬರೆದಿದ್ದೆ. ಕಾರು ಹತ್ತು ವರ್ಷ ಹಳೆಯದೆಂದು ಒಂದರಲ್ಲೂ ಬರೆದಿರಲಿಲ್ಲ.

ಚಳಿಗಾಲದಲ್ಲಿ ಮಳೆಯನ್ನು ಮುಂದೆ ಕಳಿಸಿ ಹಿಂದಿನಿಂದ ಧೂಳಿನೊಂದಿಗೆ ಬರುವ ತಮ್ಮ ಪದ್ಧತಿ ತಿಳಿದಿದ್ದ ನಾನು ಬುಧವಾರವೇ ಎಂಜಿನ್ನಿನ ರಕ್ಷಣೆಗೆ ಇಳಿದೆ. ಬ್ಯಾಟರಿಗೆ ಪ್ಲಾಸ್ಟಿಕ್ ಹೊದಿಸಿದೆ. ಏರ್ ಫಿಲ್ಟರನ್ನು ಬಿಚ್ಚಿ, ನೆಲಕ್ಕೆ ತಟ್ಟಿ, ಅಂಗೈಯಗಲದಷ್ಟು ಮರುಭೂಮಿಯನ್ನು ಹೊರಹಾಕಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಪತ್ರ ಬರೆಯುವ ಅಗತ್ಯವಿರಲಿಲ್ಲ. ಆದರೆ ನಮ್ಮೂರಲ್ಲಿ ಯಾವುದನ್ನು ಮಳೆಗಾಲದಿಂದ ಉಳಿಸಬೇಕಾದರೂ ಬಾಯಿಗೆ ಬಟ್ಟೆ ಕಟ್ಟುವುದು ರೂಢಿ. ಅಮ್ಮ ಉಪ್ಪಿನಕಾಯಿ ಭರಣಿಗೆ ಕಟ್ಟುವ ಹಾಗೆಯೇ ನಾನೂ ಮೈ ಒರೆಸುವ ಬೈರಾಸನ್ನು ನಾಲ್ಕು ಮಡಿಕೆ ಮಾಡಿ ಫಿಲ್ಟರಿನ ಗಾಳಿ ಎಳೆಯುವ ಕೊಳವೆಗೆ ಹುರಿಯಿಂದ ಬಿಗಿದೆ. ಕೆಳಗಿನ ಅಂಗಡಿಯ ಉಮ್ಮರ್ ಕುಂಞಿ ಇದನ್ನು ನೋಡಿ, ಭರಣಿ ಎಲ್ಲಿಗೂ ಓಡಬೇಕಾಗಿಲ್ಲ ಮಾರಾಯ, ಕಾರು ಓಡಬೇಕು ಎಂದ. ಮೆಕ್ಯಾನಿಕ್ ಅಲ್ಲದವನ ಮಾತು ಎಂದು ನಾನು ಹುರಿಗೆ ಇನ್ನೊಂದು ಗಂಟು ಹಾಕಿದೆ.

ಗುರುವಾರ ಮಳೆ ಬಂದು ಬೈರಾಸು ನೆನೆಯಿತು. ಶುಕ್ರವಾರ ತಾವು ಬಂದಿರಿ. ಒದ್ದೆ ಬಟ್ಟೆಯ ಮೇಲೆ ಧೂಳನ್ನು ತಾವು ಎಷ್ಟು ನಯವಾಗಿ ಮೆತ್ತಿದಿರೆಂದರೆ, ಇಲ್ಲಿನ ಗಾರೆಯವರು ತಮ್ಮಲ್ಲಿ ತರಬೇತಿ ಪಡೆಯಬೇಕು. ವಿಮಾನ ನಿಲ್ದಾಣಕ್ಕೆ ಹೋಗುವಾಗ ಕಾರು ಕೇವಲ ಕೆಮ್ಮಿತು. ಅಕ್ಕುವನ್ನೂ ಎರಡು ಟ್ರಂಕನ್ನೂ ಹೇರಿಕೊಂಡು ಮರಳುವಾಗ ಮುಹರ್ರಕ್ ಸೇತುವೆಯ ನಡುವೆ ಕರಿಹೊಗೆ ಬಿಟ್ಟು ನಿಂತೇಬಿಟ್ಟಿತು. ಹಿಂದಿದ್ದ ಟ್ಯಾಕ್ಸಿಗಳೆಲ್ಲ ಹಾರನ್ ಬಾರಿಸಿ ನನ್ನ ಹೆಂಡತಿಗೆ ಸ್ವಾಗತ ಕೋರಿದವು.

ನಾನು ಕಾರ್ಬ್ಯುರೇಟರ್, ಪ್ಲಗ್, ಪೆಟ್ರೋಲಿನ ಗುಣಮಟ್ಟ ಎಂದು ವಿವರಿಸುತ್ತಿರುವಾಗ, ಕಾರಿನ ಹೊಟ್ಟೆಯನ್ನು ಜನ್ಮದಲ್ಲಿ ನೋಡಿರದ ಅಕ್ಕು ಸೆರಗು ಸಿಕ್ಕಿಸಿ ಬಾನೆಟ್ಟಿನೊಳಗೆ ಬಗ್ಗಿದಳು. "ನಿಮ್ಮ ಮೂಗಿಗೆ ಹೀಗೆ ಒದ್ದೆ ಬಟ್ಟೆ ಕಟ್ಟಿದ್ರೆ ನೀವು ಏರ್‌ಪೋರ್ಟಿಗೆ ಬರ್ತಿದ್ರಾ ಮಾರಾಯ್ರೇ?" ಎಂದು ಕೇಳಿ, ಹುರಿಯನ್ನು ಹಲ್ಲಿನಿಂದ ಕಡಿದು, ಬೈರಾಸನ್ನು ಸಮುದ್ರಕ್ಕೆ ಎಸೆದಳು. ಮೂರನೆಯ ಸಲಕ್ಕೆ ಕಾರು ಹೊರಟಿತು. ಹೂರಾ ತಲುಪುವವರೆಗೂ ಅವಳು ನಕ್ಕಳು. ಕೊನೆಗೆ ನಾನೂ ನಕ್ಕೆ.

ಆದ್ದರಿಂದ ಪ್ರಾರ್ಥನೆಯೇನೆಂದರೆ, ಇನ್ನು ಮುಂದೆ ತಾವು ಬರುವ ಮೊದಲು ಲಿಖಿತ ಸೂಚನೆ ಕೊಡಬೇಕು, ಶುಕ್ರವಾರ ಎಲ್ಲರಂತೆ ರಜೆ ತೆಗೆದುಕೊಳ್ಳಬೇಕು, ಮತ್ತು ನನ್ನ ಕಾರನ್ನು ಎಡಗಡೆಯಿಂದ ಬಳಸಿಕೊಂಡು ಹೋಗಬೇಕು.

ದಿಕ್ಕು ಬದಲಿಸಲು ಅಶಕ್ತನಾದ
ತಮ್ಮ ವಿಶ್ವಾಸಿ,
ಕಮಲಾಕ್ಷ, ಹೂರಾ

ವಿ.ಸೂ.: ಅವಳಿಗೆ ಧೂಳು ತಾಗದಿರಲೆಂದು ಮನೆಯ ಕಿಟಕಿಗಳಿಗೆಲ್ಲ ನಾನು ಅಂಟಿಸಿದ್ದ ಟೇಪನ್ನು ಅಕ್ಕು ಮರುದಿನವೇ ಕಿತ್ತುಹಾಕಿದ್ದಾಳೆ. ತಾವೀಗ ದಿನಕ್ಕೆರಡು ಬಾರಿ ಅಡುಗೆಮನೆಯ ತನಕ ಬರುತ್ತಿದ್ದೀರಿ, ಅವಳು ತಮ್ಮನ್ನು ಹೊಗಳುತ್ತಲೂ ಇದ್ದಾಳೆ. ಅವಳ ವೀಸಾದಲ್ಲಿ ಗಂಡ ಎಂದು ಬರೆದಿರುವುದು ನನ್ನ ಹೆಸರೆಂಬುದನ್ನು ದಯವಿಟ್ಟು ಗಮನಿಸಿ.