ತಿಮಿಂಗಿಲಮರ್ದಿನಿ

ವಿದ್ವಾನ್ ವಾಗೀಶರ ಸಂಕಟಕ್ಕೆಲ್ಲ ಮೂಲ ಅವರ ಮನೆಯ ಬಚ್ಚಲು. ಸರಸ್ವತಿಪುರಂನ ಆ ಹಳೆಯ ಮನೆಯ ಬಚ್ಚಲಿನಲ್ಲಿ ಪಿಸುಗುಟ್ಟಿದರೂ ನಡುಮನೆಗೆ ಕೇಳುತ್ತದೆ. ಅದು ಗೊತ್ತಿದ್ದೂ ಅವರು ಆ ಶನಿವಾರ ಬೆಳಿಗ್ಗೆ, ತಲೆಗೆ ಬಿಸಿನೀರು ಬಿದ್ದ ಸುಖಕ್ಕೆ ಮೈಮರೆತು ಗಂಟಲು ಬಿಟ್ಟು ಹಾಡಿಬಿಟ್ಟರು. ಹಾಡಿದ್ದು ದೇವರನಾಮವಾಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಹಾಡಿದ್ದು ಜಪಾನಿನ ಕಾರ್ಟೂನೊಂದರ ಯುದ್ಧಗೀತೆ, ಮಾತು ಬಾರದ್ದರಿಂದ ಬರೀ ತನನದಲ್ಲಿ. ಮೂರು ತಿಂಗಳ ಹಿಂದೆ ಡೆಂಗ್ಯೂ ಬಂದು ಮಲಗಿದ್ದಾಗ, ಹೊತ್ತು ಹೋಗದೆ ಫೋನನ್ನು ಅಲ್ಲಿ ಇಲ್ಲಿ ಒತ್ತುತ್ತ ಅವರು ಅದರೊಳಗೆ ಬಿದ್ದಿದ್ದರು. ಅದನ್ನು ಕಾರ್ಟೂನ್ ಅನ್ನಬಾರದು, ಅನಿಮೆ ಅನ್ನಬೇಕು ಎಂದು ಆಮೇಲೆ ತಿಳಿಯಿತು. ಆಕಾಶದಿಂದ ಕಬ್ಬಿಣದ ತಿಮಿಂಗಿಲಗಳು ಇಳಿದು ಊರುಗಳನ್ನು ನುಂಗುತ್ತವೆ. ಐದು ಜನ ಹುಡುಗಿಯರು ಬೆಂಕಿಕತ್ತಿ ಹಿಡಿದು ಅವುಗಳ ಮೇಲೆ ಬೀಳುತ್ತಾರೆ. ಹಾಡುತ್ತಿರುವಷ್ಟು ಹೊತ್ತು ಮಾತ್ರ ಕತ್ತಿ ಉರಿಯುತ್ತದೆ, ಹಾಡು ನಿಂತರೆ ಆರಿಹೋಗುತ್ತದೆ.

ಅದರಲ್ಲಿ ತಪ್ಪುಗಳಿಗೆ ಲೆಕ್ಕವಿರಲಿಲ್ಲ. ಮೊದಲ ಕಂತಿನಲ್ಲಿ ಸತ್ತವಳು ನಾಲ್ಕನೆಯದರಲ್ಲಿ ಏನೂ ಆಗದವಳಂತೆ ಊಟಕ್ಕೆ ಕೂತಿರುತ್ತಾಳೆ. ಹಾಡುವವರ ಶ್ರುತಿ ಕಟ್ಟಡ ಉರುಳಿದಾಗಲೆಲ್ಲ ಒಂದು ಸ್ವರದಷ್ಟು ಏರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಚರಣ ಮುಗಿಯುವವರೆಗೂ ತಿಮಿಂಗಿಲ ಬಾಯಿ ತೆರೆದುಕೊಂಡು ಸುಮ್ಮನೆ ಕಾಯುತ್ತದೆ. ಅಷ್ಟು ಸೌಜನ್ಯ ಮೈಸೂರಿನ ಸಭೆಗಳ ಶ್ರೋತೃಗಳಿಗೂ ಇಲ್ಲ. ವಾಗೀಶರು ಇದನ್ನೆಲ್ಲ ಬೈದುಕೊಂಡೇ ನೋಡಿದರು, ಪ್ರತಿ ಕಂತಿನ ಕೊನೆಗೂ ಅತ್ತರು. ನಾಯಕಿ ಮಿಯೋ ಕತ್ತಿ ಎತ್ತಿ ತಾರಸ್ಥಾಯಿಗೆ ಹಾರಿದಳೆಂದರೆ ಐವತ್ತೆಂಟು ವರ್ಷದ ವಿದ್ವಾಂಸರ ಮೈ ಜುಂ ಎನ್ನುತ್ತಿತ್ತು. ಕಳೆದ ವಾರ ಆ ಮಿಯೋಳ ಧ್ವನಿಯೇ ಹೋಗಿಬಿಟ್ಟಿತ್ತು. ಅದು ಮರಳಿ ಬರುತ್ತದೋ ಇಲ್ಲವೋ ಎಂಬುದು ಕೊನೆಯ ಕಂತಿನಲ್ಲಿ, ಈ ದಿನ ಸಂಜೆ ಐದೂವರೆಗೆ. ವಾರವಿಡೀ ಅವರಿಗೆ ಅನ್ನ ಸರಿಯಾಗಿ ಇಳಿದಿರಲಿಲ್ಲ.

ಈ ವಿಷಯ ಹೆಂಡತಿ ಪಂಕಜಾಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗುವಂತೆಯೂ ಇರಲಿಲ್ಲ. ಫೋನಿನ ರಿಂಗಿಗೆ ಸಿನಿಮಾ ಹಾಡು ಇಟ್ಟುಕೊಂಡ ತಪ್ಪಿಗೆ ಬ್ಯಾಂಕ್ ಆಫೀಸರಾದ ಶಿಷ್ಯೆಯೊಬ್ಬರನ್ನು ಒಂದು ತಿಂಗಳು ಪಾಠದಿಂದ ಹೊರಗಿಟ್ಟ ಮನುಷ್ಯ ವಾಗೀಶರು.

ಟವೆಲ್ ಸುತ್ತಿಕೊಂಡು ಬಚ್ಚಲಿನಿಂದ ಹೊರಬಂದರೆ, ನಡುಮನೆಯಲ್ಲಿ ಸಂಗೀತ ಸಭೆಯ ಕಾರ್ಯದರ್ಶಿ ಸುಂದರೇಶ ಕಾಫಿ ಲೋಟ ಹಿಡಿದು ಕೂತಿದ್ದರು. ಅವರ ಕಣ್ಣಲ್ಲಿ ನೀರಿತ್ತು.

"ವಾಗೀಶ್ರೇ, ಈಗ ಹಾಡಿದ್ರಲ್ಲ, ಯಾವ ಕೃತಿ ಅದು?"

"ಯಾವುದು? ಏನೋ ಸುಮ್ನೆ..."

"ಮುಚ್ಚಿಡ್ಬೇಡಿ ಕಣ್ರೀ. ಇಷ್ಟು ವರ್ಷ ಸಂಗೀತ ಕೇಳಿದ ಕಿವಿ ಇದು. ಆ ವಕ್ರ ಸಂಚಾರ, ಆ ಎತ್ತುಗಡೆ. ಇದು ನಿಮ್ಮ ಮುತ್ತಾತಂದೇ ತಾನೆ?"

ವಾಗೀಶರ ಮುತ್ತಾತ ಅರಮನೆಯ ಆಸ್ಥಾನ ವಿದ್ವಾಂಸರಾಗಿದ್ದವರು. ಯಾವುದೋ ಶಿಷ್ಯನ ಮೇಲೆ ಮುನಿಸಿಕೊಂಡು ತಮ್ಮ ಕೃತಿಗಳಲ್ಲಿ ಅರ್ಧವನ್ನು ಯಾರಿಗೂ ಕಲಿಸದೆ ಹೋದರೆಂದು ಸಂಗೀತದವರಲ್ಲಿ ಮಾತಿತ್ತು. ಆ ಅರ್ಧವನ್ನು ಹುಡುಕುವುದೇ ಸುಂದರೇಶರ ಜೀವನದ ಹಂಬಲ. ಹೌದೆಂದರೆ ಸುಳ್ಳಾಗುತ್ತದೆ, ಅಲ್ಲವೆಂದರೆ ಮತ್ತೆ ಯಾರದು ಎಂಬ ಪ್ರಶ್ನೆ ಬರುತ್ತದೆ. ವಾಗೀಶರು ಎರಡೂ ಅಲ್ಲದಂತೆ ತಲೆಯಾಡಿಸಿ, "ಮನೇಲಿ ಕೇಳಿ ಕೇಳಿ ಬಂದದ್ದು" ಎಂದರು. ಮಾತು ನಿಜವೇ ಆಗಿತ್ತು.

"ಸಾಕು ಬುಡಿ, ಇನ್ನೇನು ಬೇಕು. ಇವತ್ತು ಸಂಜೆ ಆರಕ್ಕೆ ಕಛೇರಿ ಇದೆಯಲ್ಲ, ಹಾಡ್ಬೇಕಿದ್ದ ಆ ಬೆಂಗಳೂರಿನವರಿಗೆ ಜ್ವರವಂತೆ. ಅದಕ್ಕೇ ನಿಮ್ಮನ್ನ ಕೇಳೋಣಾಂತ ಬಂದೆ. ದೇವರೇ ಕಳಿಸ್ದಂಗಾಯ್ತು. ನೀವು ಇದನ್ನ ಹಾಡ್ತೀರಿ."

"ಇವತ್ತಾ? ಇವತ್ತು ಸಾಧ್ಯವೇ ಇಲ್ಲ. ಸಂಜೆ ಕೆಲಸ ಇದೆ."

"ಏನು ಕೆಲಸ?"

ಉತ್ತರ ಹೇಳಿದ್ದು ಅಡುಗೆಮನೆಯಲ್ಲಿದ್ದ ಪಂಕಜಾ. "ಯಾವುದೋ ಹುಡುಗೀದು ಧ್ವನಿ ಹೋಗ್ಬುಟ್ಟಿದೆಯಂತೆ. ವಾಪಸ್ ಬರುತ್ತೋ ಇಲ್ವೋ ಅಂತ ಇವರು ನೋಡ್ಬೇಕಂತೆ."

"ಶಿಷ್ಯೇನಾ, ಪಾಪ. ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸೋಕೆ ಹೇಳಿ, ನಾಳೆ ನೋಡಿದ್ರಾಯ್ತು" ಎಂದು ಸುಂದರೇಶ ಎದ್ದೇಬಿಟ್ಟರು. ಗೇಟು ದಾಟುವ ಮುಂಚೆಯೇ ಫೋನ್ ತೆಗೆದು ಸಭೆಯ ವಾಟ್ಸಾಪ್ ಗುಂಪಿಗೆ ಸುದ್ದಿ ಹಾಕಿದರು.

ಮಧ್ಯಾಹ್ನದ ಹೊತ್ತಿಗೆ ಆ ಗುಂಪಿನಲ್ಲಿ ಜಗಳ ಶುರುವಾಗಿತ್ತು. ಕೃತಿಯನ್ನು ಸುಂದರೇಶರ ಹೊರತು ಯಾರೂ ಕೇಳಿರಲಿಲ್ಲ, ಆದರೆ ರಾಗ ಯಾವುದೆಂದು ಎಲ್ಲರಿಗೂ ಗೊತ್ತಿತ್ತು. ಹಂಸಾನಂದಿ ಎಂದವರನ್ನು ರೇವತಿ ಎಂದವರು ಹೀಯಾಳಿಸಿದರು, ಇಬ್ಬರು ಗುಂಪು ಬಿಟ್ಟರು. ಕೊನೆಗೆ ಸುಂದರೇಶ ಎಲ್ಲರ ಬಾಯಿ ಮುಚ್ಚಿಸುವ ಸುದ್ದಿ ಹಾಕಿದರು. ಕೃತಿ ಕೇಳಲು ಸ್ವತಃ ವಿದುಷಿ ಅಂಬುಜಮ್ಮನವರು ಬರುತ್ತಾರೆ.

ವಾಗೀಶರು ಅದನ್ನು ಎರಡೆರಡು ಸಲ ಓದಿದರು. ವಿದ್ಯಾರಣ್ಯಪುರಂನ ಅಂಬುಜಮ್ಮ ಅವರ ಗುರುಗಳು. ಎಂಬತ್ತು ದಾಟಿದ್ದರೂ ಕಿವಿ ಮಂಕಾಗಿಲ್ಲ, ನಾಲಿಗೆ ಅದಕ್ಕಿಂತ ಹರಿತ. ಮದುವೆಯ ಕಛೇರಿಯೊಂದರಲ್ಲಿ ಹಾಡುತ್ತಿದ್ದವರ ಶ್ರುತಿ ಸರಿಯಿಲ್ಲವೆಂದು ಧಾರೆಯನ್ನೇ ನಿಲ್ಲಿಸಿದವರು. ಯಾವ ಕಛೇರಿಗಾದರೂ ಎಲ್ಲರಿಗಿಂತ ಮುಂಚೆ ಬಂದು ಮೊದಲ ಸಾಲಿನಲ್ಲಿ ಕೂರುವವರು.

"ಸಾಹಿತ್ಯ ಬೇಕಲ್ಲ ಪಂಕಜಾ" ಎಂದು ಅವರು ಊಟದ ತಟ್ಟೆಯ ಮುಂದೆ ಗೋಳಾಡಿದರು. "ಜಪಾನೀಲಿ ಹಾಡೋಕಾಗುತ್ತಾ?"

"ಚಾಮುಂಡೇಶ್ವರೀನ ಹಾಕಿ. ಬೆಟ್ಟದ ತಾಯಿ, ಯಾರೂ ಕೇಳಲ್ಲ" ಎಂದು ಪಂಕಜಾ ಹುಳಿ ಬಡಿಸಿದರು. "ಅವಳೂ ಕತ್ತಿ ಹಿಡಿದವಳೇ. ಆ ತಿಮಿಂಗಿಲ ಇರೋ ಕಡೆ ಮಹಿಷ ಅನ್ನಿ, ಮುಗೀತು."

ಹಾಗೇ ಮಾಡಿದರು. ಮಹಿಷಮರ್ದಿನಿ, ಪಾಹಿಮಾಂ, ಶೂಲಧಾರಿಣಿ ಎಂದೆಲ್ಲ ಸೇರಿಸಿ ಸಂಜೆಯೊಳಗೆ ಒಂದು ಪಲ್ಲವಿ, ಎರಡು ಚರಣ ಸಿದ್ಧವಾದವು. ಆದರೆ ವಾಗೀಶರ ಮನಸ್ಸೆಲ್ಲ ಇದ್ದದ್ದು ಐದೂವರೆಯ ಮೇಲೆ. ಕಛೇರಿಗೆ ಮುಂಚೆ ಅರ್ಧ ಗಂಟೆ ಕದಿಯಬಹುದು, ಕಂತಿರುವುದೂ ಅಷ್ಟೇ ಹೊತ್ತು. ಅವರು ಬೇಗನೆ ಸಭಾಭವನಕ್ಕೆ ಹೋಗಿ, ಮಡಿಸಿಟ್ಟ ಕುರ್ಚಿಗಳ ಕೋಣೆಗೆ ನುಗ್ಗಿ, ಬಾಗಿಲು ಮುಂದೆ ಮಾಡಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರು. ಪರದೆ ಬೆಳಗಿತು. ಮಿಯೋ ಸಮುದ್ರದ ದಂಡೆಯಲ್ಲಿ ಒಬ್ಬಳೇ ನಿಂತಿದ್ದಳು. ಬಾಯಿ ತೆರೆದಳು.

ಬಾಗಿಲೂ ತೆರೆಯಿತು. "ಅಯ್ಯೋ, ಮನನ ಮಾಡ್ತಾ ಕೂತಿದೀರಾ" ಎಂದರು ಸುಂದರೇಶ. "ಮೈಕ್ ಟೆಸ್ಟಿಗೆ ಬನ್ನಿ. ಈ ಫೋನು ಇಲ್ಲಿ ಕೊಡಿ, ಮಧ್ಯದಲ್ಲಿ ಬಡಕೊಂಡ್ರೆ ಅಂಬುಜಮ್ಮ ನಮ್ಮಿಬ್ಬರನ್ನೂ ಉಳಿಸಲ್ಲ. ಮುಗಿಯೋವರ್ಗೂ ನನ್ನ ಜೇಬಲ್ಲಿರ್ಲಿ." ಮಿಯೋ ತೆರೆದ ಬಾಯಿಯಲ್ಲೇ ಸುಂದರೇಶರ ಜುಬ್ಬದ ಜೇಬಿಗಿಳಿದಳು.

ಆರಕ್ಕೆ ಭವನ ತುಂಬಿತ್ತು, ಮೊದಲ ಸಾಲಿನ ನಡುವಿನ ಕುರ್ಚಿಯೊಂದು ಖಾಲಿ. ಅಂಬುಜಮ್ಮ ಬಂದಿರಲಿಲ್ಲ. ಅವರು ತಡವಾದದ್ದನ್ನು ಮೈಸೂರು ಇದುವರೆಗೆ ಕಂಡಿರಲಿಲ್ಲ. ವಾಗೀಶರಿಗೆ ಸ್ವಲ್ಪ ಉಸಿರು ಬಂತು. ವರ್ಣ, ಗಣಪತಿಯ ಕೃತಿ ಮುಗಿಸಿ, ಇನ್ನು ಬರುವುದಿಲ್ಲವೆಂಬ ಧೈರ್ಯದಲ್ಲಿ ಆ ಹಾಡು ಎತ್ತಿಕೊಂಡರು. ಮೊದಲ ಸಾಲು ಮುಗಿಯುವಷ್ಟರಲ್ಲಿ ಆಟೋ ನಿಂತ ಸದ್ದಾಯಿತು. ಕೋಲೂರುತ್ತ ಅಂಬುಜಮ್ಮ ಒಳಬಂದರು, ಬಾಗಿಲಲ್ಲೇ ನಿಂತು ತಲೆ ಓರೆ ಮಾಡಿ ಕೇಳಿದರು, ಹುಬ್ಬು ಗಂಟಿಕ್ಕಿಕೊಂಡೇ ಬಂದು ಕುರ್ಚಿಯಲ್ಲಿ ಕೂತರು.

ಮೃದಂಗದ ಯೋಗೇಂದ್ರರ ಪಾಡು ಹೇಳತೀರದು. ಹಾಡಿನ ತಾಳ ಎಲ್ಲೋ ಐದಾಗಿ, ಎಲ್ಲೋ ಏಳಾಗಿ, ತಿಮಿಂಗಿಲ ಬಾಲ ಬಡಿಯುವ ಕಡೆ ಸುಮ್ಮನೆ ಓಡುತ್ತಿತ್ತು. ಬೆವರು ಒರೆಸಿಕೊಳ್ಳುತ್ತ ಅವರು ದಿಕ್ಕುಗಾಣದೆ ನೋಡಿದಾಗ, ಅಂಬುಜಮ್ಮನ ಬಲಗೈ ತೊಡೆಯ ಮೇಲೆ ಖಚಿತವಾಗಿ ತಾಳ ಹಾಕುತ್ತಿತ್ತು. ಯೋಗೇಂದ್ರ ಆ ಕೈಯನ್ನೇ ನೋಡುತ್ತ ಬಾರಿಸಿದರು, ಎಲ್ಲ ಸರಿಹೋಯಿತು.

ಸರಿಹೋದದ್ದೇ ತಪ್ಪಾಯಿತು. ವಾಗೀಶರಿಗೆ ಆವೇಶ ಬಂದುಬಿಟ್ಟಿತು. ಸಭೆ ಮರೆತುಹೋಯಿತು, ಗುರುಗಳು ಮರೆತುಹೋದರು. ಕೈಯನ್ನು ಕತ್ತಿಯಂತೆ ಬೀಸಿದ ರಭಸಕ್ಕೆ ಬಿಸಿನೀರಿನ ಫ್ಲಾಸ್ಕು ಪಿಟೀಲಿನವರ ಮಡಿಲಿಗೆ ಹಾರಿತು. ಮಿಯೋಳಂತೆ ತಾರಸ್ಥಾಯಿಗೆ ನೆಗೆದು, "ತಿಮಿಂಗಿಲಮರ್ದಿನಿ" ಎಂದು ಕಣ್ಣುಮುಚ್ಚಿ ನಿಂತರು.

ಸುಂದರೇಶ ವೇದಿಕೆಗೆ ಓಡಿಬಂದು ಮೈಕಿಗೆ ಬಾಯಿ ಹಚ್ಚಿದರು. "ಗಮನಿಸಿ. ಬಹಳ ಅಪರೂಪದ ಪೌರಾಣಿಕ ಉಲ್ಲೇಖ." ಚಪ್ಪಾಳೆ ಭವನದ ಶೀಟುಗಳನ್ನು ನಡುಗಿಸಿತು.

ಮುಗಿದ ಮೇಲೆ ಅಂಬುಜಮ್ಮ ಬೆರಳಿನಲ್ಲಿ ಸನ್ನೆ ಮಾಡಿ ಕರೆದರು. ಜನ ಗೌರವದಿಂದ ಹಿಂದೆ ಸರಿದರು. ವಾಗೀಶರು ಕಾಲಿಗೆ ಬಿದ್ದವರು ಏಳಲಿಲ್ಲ.

"ಏಳೋ. ಎರಡನೇ ಚರಣದಲ್ಲಿ ಒಂದು ಸಾಲು ನುಂಗಿದೆ ನೀನು."

"ಅಮ್ಮಾ, ಅದು ಮುತ್ತಾತನ..."

"ನಿಮ್ಮ ಮುತ್ತಾತನ್ನ ನಾನು ಪ್ರತಿ ಶನಿವಾರ ಟಿವೀಲಿ ನೋಡ್ತಿದೀನಿ ಕಣೋ" ಎಂದರು ಅಂಬುಜಮ್ಮ, ದನಿ ತಗ್ಗಿಸಿ. "ಮೊಮ್ಮಗಳು ಹಾಕ್ಕೊಟ್ಟು ಹೋದ್ಲು. ತಲೆಬುಡ ಇಲ್ಲದ ಕತೆ. ಶ್ರುತಿ ಇಲ್ಲ, ಬುದ್ಧಿ ಇಲ್ಲ. ಬಿಡೋಕೂ ಆಗ್ಲಿಲ್ಲ. ಇವತ್ತು ಕೊನೇದು ನೋಡ್ಕೊಂಡೇ ಹೊರಟೆ, ಅದಕ್ಕೇ ತಡವಾಯ್ತು."

ವಾಗೀಶರ ಎದೆಯ ಮೇಲಿಂದ ಬೆಟ್ಟವೇ ಇಳಿದಂತಾಯಿತು. ಇನ್ನು ಮರ್ಯಾದೆಗೆ ಭಯವಿಲ್ಲ. ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ನಿಶ್ಚಿಂತೆಯಿಂದ ನೋಡಬಹುದು. ಸಂತೋಷಕ್ಕೆ ಅವರಿಗೆ ಅಳುವೇ ಬಂತು. "ಅಮ್ಮಾ, ನಾನಿನ್ನೂ ಕೊನೇದು ನೋಡಿಲ್ಲ" ಎಂದರು.

"ಅಯ್ಯೋ ಪಾಪ, ನೋಡಿಲ್ವಾ" ಎಂದು ಗುರುಗಳು ಶಿಷ್ಯನ ತಲೆ ಸವರಿದರು. "ಧ್ವನಿ ವಾಪಸ್ ಬರುತ್ತೆ ಬಿಡು, ಯೋಚಿಸ್ಬೇಡ. ಆ ದೊಡ್ಡ ತಿಮಿಂಗಿಲ ಇತ್ತಲ್ಲ, ಅದೇ ಅವಳ ಗುರು ಕಣೋ. ಅಷ್ಟು ದಿನ ಪರೀಕ್ಷೆ ಮಾಡ್ತಿದ್ದದ್ದು."

ವಾಗೀಶರು ವಾರವಿಡೀ ಕಾದದ್ದು ಎರಡು ಮಾತಿನಲ್ಲಿ ಮುಗಿದುಹೋಯಿತು.

"ಮುಂದಿನ ತಿಂಗಳು ಎರಡನೇ ಭಾಗ ಶುರುವಾಗುತ್ತಂತೆ" ಎಂದು ಅಂಬುಜಮ್ಮ ಕೋಲಿಗೆ ಕೈಹಾಕಿದರು. "ಒಬ್ಬನೇ ಕದ್ದು ಯಾಕೆ ನೋಡ್ತೀಯ, ಪ್ರತಿ ಶನಿವಾರ ನಮ್ಮನೆಗೆ ಬಂದ್ಬುಡು. ನಾನು ಮೊದಲೊಂದ್ಸಲ ನೋಡಿಟ್ಕೊಂಡಿರ್ತೀನಿ. ಆಮೇಲೆ ನಿನ್ನ ಪಕ್ಕ ಕೂತು, ಮುಂದೇನಾಗುತ್ತೆ ಅಂತ ಹೇಳ್ಕೊಡ್ತೀನಿ."

ಗುರುವಿನ ಮಾತಿಗೆ ಎದುರಾಡಿ ಅಭ್ಯಾಸವಿಲ್ಲದ ವಾಗೀಶರು, ಆಗಲಿ ಅಮ್ಮಾ ಎಂದು ಕೈಮುಗಿದರು.