ಇದು ತುರ್ತೋ, ಅಲ್ಲವೋ

ಕೆಲವರಿಗೆ ಮಾಡಿದ ತಪ್ಪಿಗಿಂತ ಅದರಿಂದ ಕಲಿತ ಪಾಠವೇ ಹೆಚ್ಚು ಕೆಡುಕು ಮಾಡುತ್ತದೆ. ನಾನೂ ಆ ಪೈಕಿಯವನೇ. ಇಡೀ ನೌಕರಿಯನ್ನು ಗುಮಾಸ್ತನಾಗಿ ಕಳೆದವನಿಗೆ ಯಾವ ಅರ್ಜಿ ಯಾವ ಟೇಬಲ್ಲಿಗೆ ಹೋಗಬೇಕು ಎಂಬುದೇ ದೊಡ್ಡ ಪ್ರಶ್ನೆ. ಅರ್ಜಿಯೊಳಗೆ ಏನಿದೆ ಎಂಬುದು ಆಮೇಲಿನ ಮಾತು.

ಮೊದಲ ತಪ್ಪು ನಡೆದದ್ದು ಬ್ಯಾಡಗಿಯಲ್ಲಿ. ಮನೆಗೆ ವರ್ಷಕ್ಕಾಗುವಷ್ಟು ಮೆಣಸಿನಕಾಯಿ ಕೊಂಡು ಮಾರುಕಟ್ಟೆಯಿಂದ ಹೊರಬಂದರೆ ಸ್ಕೂಟರ್ ಇಲ್ಲ. ಹಿಂದೆಮುಂದೆ ನೋಡದೆ 112 ಒತ್ತಿದೆ. ಜೀಪು ಬಂದೇಬಿಟ್ಟಿತು. ನಾನು ಘಾಟಿಗೆ ಸೀನುತ್ತ ಸ್ಕೂಟರಿನ ಬಣ್ಣ ವರ್ಣಿಸುತ್ತಿರುವಾಗಲೇ ಪೊಲೀಸ್ ಪೇದೆಯೊಬ್ಬ ಚೀಲಗಳ ರಾಶಿಯ ಆಚೆ ಹೋಗಿ, “ಇದೇನ್ರಿ ನಿಮ್ಮದು?” ಎಂದ. ಅದೇ. ನಾನು ಒಂದು ಬಾಗಿಲಿನಿಂದ ಒಳಹೋಗಿ ಇನ್ನೊಂದರಿಂದ ಹೊರಬಂದಿದ್ದೆ. ಆತ ಬೈಯಲಿಲ್ಲ, ಬೈದಿದ್ದರೆ ಎಂದೋ ಮರೆತುಬಿಡುತ್ತಿದ್ದೆ. “ಸರ, ಇದು ತುರ್ತಿನ ನಂಬರ್ ಐತ್ರಿ. ಇಂಥಾದ್ಕ ಸ್ಟೇಷನ್ನಿಗೆ ಮಾಡ್ರಿ,” ಎಂದು ಮೆಲ್ಲಗೆ ಹೇಳಿದ. ನಾಚಿಕೆಯಿಂದ ಊರಿಗೆ ಬಂದವನೇ ರಾಣೆಬೆನ್ನೂರಿನ ಠಾಣೆಯ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆದು ಕ್ಯಾಲೆಂಡರಿನ ಪಕ್ಕ ಅಂಟಿಸಿದೆ.

ನಮ್ಮ ಪಕ್ಕದ ಮನೆಯ ಗಿರಿಜಾ ಬಟ್ಟೆ ಹೊಲಿದು ಜೀವನ ಸಾಗಿಸುವವಳು. ಮೋಟಾರಿನ ಮಿಷನ್ ಒಂದು, ಸೀರೆಗೆ ಪಿಕೋ ಹಾಕುವುದು ಇನ್ನೊಂದು. ಅವುಗಳ ಸದ್ದು ಕೇಳದ ದಿನವೇ ಇರಲಿಲ್ಲ. ಒಂದು ಮಂಗಳವಾರ ಅವಳು ಹಾವೇರಿಗೆ, ತಂಗಿಯ ಮಗಳಿಗೆ ಹೆಸರಿಡುವ ಕಾರ್ಯಕ್ಕೆ ಹೋಗಿದ್ದಳು. ಮಧ್ಯಾಹ್ನ ಊಟ ಮಾಡಿ ಹೊರಗೆ ಬಂದೆ. ಅವಳ ಬಾಗಿಲಲ್ಲಿ ಟೆಂಪೋ ನಿಂತಿತ್ತು. ಇಬ್ಬರು ಮಿಷನ್ ಎತ್ತಿ ಇಡುತ್ತಿದ್ದರು. ಮುರಿದ ಬೀಗ ಮೆಟ್ಟಿಲ ಮೇಲೆ ಬಿದ್ದಿತ್ತು.

“ಏನ್ ನಡದೈತ್ರಿ?” ಎಂದೆ.

“ರಿಪೇರಿಗೆ ಒಯ್ಯಾಕತ್ತೇವ್ರಿ ಕಾಕಾ. ಕೀಲಿ ಕಳದೈತಿ, ಮುರೀರಿ ಅಂದಾರ ಅಕ್ಕಾರು,” ಎಂದ ಒಬ್ಬ, ಬಲು ವಿನಯದಿಂದ.

ಅನುಮಾನ ಬಂತು. ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಳಗೆ ಬಂದು ಗಿರಿಜಾಗೆ ಫೋನ್ ಮಾಡಿದೆ, ಎತ್ತಲಿಲ್ಲ. ಇನ್ನು ಪೊಲೀಸರು. ಆದರೆ ಇದು ತುರ್ತೋ, ಅಲ್ಲವೋ? ಯಾರ ಮೈಮೇಲೂ ಯಾರೂ ಕೈ ಮಾಡಿಲ್ಲ. ನಿಜವಾಗಿಯೂ ರಿಪೇರಿಯವರೇ ಆಗಿದ್ದರೆ ಮತ್ತೆ ಜೀಪು, ಮತ್ತೆ ಆ ಮೆಲುದನಿಯ ಉಪದೇಶ. ಠಾಣೆಗೇ ಮಾಡೋಣವೆಂದು ಕನ್ನಡಕವಿಲ್ಲದೆ ನಂಬರ್ ಒತ್ತಿದೆ.

“ಯೂರಿಯಾ ಬಂದಿಲ್ರಿ, ನಾಳಿಗೆ ಬರ್ರಿ,” ಎಂದಿತು ಆ ಕಡೆಯ ದನಿ. ಯಾವುದೋ ಗೊಬ್ಬರದ ಅಂಗಡಿ.

ಕನ್ನಡಕ ಹುಡುಕುತ್ತಿರುವಾಗ ಹೊರಗಿನಿಂದ, “ಕಾಕಾ, ಸ್ಕೂಟರ್ ಒಂದೀಟು ಸರಸ್ತೀರೇನ್ರಿ?” ಎಂದು ಕೂಗಿದರು. ಹೋಗಿ ಸರಿಸಿದೆ. ಅಷ್ಟಕ್ಕೇ ಬಿಡಲಿಲ್ಲ. ಓಣಿ ಇಕ್ಕಟ್ಟು, ಗಟಾರಕ್ಕೆ ಗಾಲಿ ಇಳಿದೀತೆಂದು ಹಿಂದೆ ನಿಂತು, “ಬರ್ಲಿ, ಬರ್ಲಿ, ಇನ್ನೊಂದೀಟು ಬರ್ಲಿ,” ಎಂದು ಕೈಬೀಸಿ ಟೆಂಪೋ ತಿರುಗಿಸಿಕೊಟ್ಟೆ.

ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಡತಿ ಬರುವಷ್ಟರಲ್ಲಿ ಟೆಂಪೋ ಓಣಿ ದಾಟಿತ್ತು. ಮುರಿದ ಬೀಗ ನೋಡಿ, “112ಕ್ಕ ಮಾಡಬೇಕಿತ್ತಲ್ರಿ?” ಎಂದಳು.

“ಅದು ತುರ್ತಿಗೆ.”

“ಮತ್ತ ಅದನ್ನ ಯಾವಾಗ ಮಾಡವ್ರು? ಯಾರರೆ ಸತ್ತ ಮ್ಯಾಲೇನು?” ಎಂದು ಅವಳೇ ಫೋನ್ ಕಿತ್ತುಕೊಂಡು ಒತ್ತಿದಳು. ಪೊಲೀಸರು ಬೇಗನೇ ಬಂದರು. “ಕಳುವು ಕಣ್ಮುಂದ ನಡದಿತ್ತಂದ್ರ ಅದು ತುರ್ತೇ ರೀ ಸರ. ಅನುಮಾನ ಇದ್ರೂ ಮಾಡಬೇಕಿತ್ತು,” ಎಂದರು ಬಂದ ಅಧಿಕಾರಿ. ನಾನು ಎಲ್ಲವನ್ನೂ ಹೇಳಿದೆ, ಕೈಬೀಸಿದ್ದೊಂದನ್ನು ಬಿಟ್ಟು.

ಮಿಷನ್ನುಗಳು ಸಿಗಲಿಲ್ಲ. ಗಿರಿಜಾ ಈಗ ದಿನಾ ಬಸ್ಸು ಹತ್ತಿ ಹಲಗೇರಿಗೆ ಹೋಗಿ ಇನ್ನೊಬ್ಬರ ಅಂಗಡಿಯಲ್ಲಿ ಹೊಲಿದು ಬರುತ್ತಾಳೆ. ಮಧ್ಯಾಹ್ನ ನಮ್ಮ ಓಣಿಯಲ್ಲಿ ಸದ್ದೇ ಇಲ್ಲ. ನನಗೆ ನಿದ್ದೆಯೂ ಇಲ್ಲ. ಹೊಸ ಬೀಗ ಹಾಕಿಸಿದ ದಿನ ಗಿರಿಜಾ ನಮ್ಮ ಮನೆಗೆ ಬಂದು ಎರಡನೆಯ ಕೀಲಿಯನ್ನು ನನ್ನ ಕೈಗಿಟ್ಟು, “ನಿಮ್ಮ ಕಡೆ ಇರ್ಲಿರಿ ಕಾಕಾ. ನೀವು ಮನ್ಯಾಗ ಇರ್ತೀರಂದ್ರ ನನಗ ಧೈರ್ಯ,” ಎಂದಳು.

ಕೈಬೀಸಿದ್ದನ್ನು ಆಗಲಾದರೂ ಹೇಳಿಬಿಡಬಹುದಿತ್ತು. ಅಂಥ ತುರ್ತೇನೂ ಇಲ್ಲ, ನಾಳೆ ಹೇಳಿದರಾಯಿತು ಎಂದುಕೊಂಡು ಕೀಲಿ ತೆಗೆದುಕೊಂಡೆ.